ಮುಳುಗಡೆ ಊರುಗಳ ನೆನಪನ್ನು ಕೂಡಿಡುವ ಬಗೆ

ನನ್ನ ಅಮ್ಮನ ತವರೂರು ನೀರಿನಡಿ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹೀಗೆ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. 1948ರಲ್ಲಿ ಮಡೆನೂರಿನ ಹತ್ತಿರ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಬಂತು, ಒಂದಿಷ್ಟು ಊರು ಹೋದವು. 1964ರಲ್ಲಿ ಲಿಂಗನಮಕ್ಕಿ ಬಂತು, ಇನ್ನೂ ಜಾಸ್ತಿ ಊರು ಹೋದವು. ಹಳೇ ಅಣೆಕಟ್ಟೇ ಹೊಸದರ ಹಿನ್ನೀರಲ್ಲಿ ಮುಳುಗಿತು. ಸಾಗರ, ಹೊಸನಗರ ತಾಲ್ಲೂಕಿನ ಜನ ಪಾತ್ರೆ, ದನ, ದೇವರ ಪೆಟ್ಟಿಗೆ ಹೇರಿಕೊಂಡು ದಿಕ್ಕಿಗೊಬ್ಬರಾದರು. ಅವರನ್ನು ಇವತ್ತಿಗೂ ಇಲ್ಲಿ 'ಮುಳುಗಡೆಯವರು' ಅಂತಲೇ ಕರೆಯುತ್ತಾರೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದೆ. ರಿಟೈರ್ ಆದ ಮೇಲೆ ಐದು ಜನ ಸೇರಿ ಒಂದು ಸಣ್ಣ ಟ್ರಸ್ಟ್ ಮಾಡಿಕೊಂಡೆವು. ಒಬ್ಬರು ಪೋಸ್ಟ್ ಮಾಸ್ಟರ್ ಆಗಿದ್ದವರು, ಒಬ್ಬರು ಫೋಟೊ ಸ್ಟುಡಿಯೊ ಇಟ್ಟಿದ್ದವರು, ಒಬ್ಬರು ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರು, ಇನ್ನೊಬ್ಬ ಕಂಪ್ಯೂಟರ್ ಬಲ್ಲ ಹುಡುಗ. ನಮ್ಮ ಕೆಲಸ ಇಷ್ಟೇ. ಆ ಊರುಗಳ ಫೋಟೊ, ಕಾಗದಪತ್ರ, ಮಾತು, ಹಾಡು ಎಲ್ಲವನ್ನೂ ಮನೆಮನೆಗೆ ಹೋಗಿ ಡಿಜಿಟಲ್ ಮಾಡಿ ಇಡುವುದು. ಆಲಮಟ್ಟಿ ಹಿನ್ನೀರಿನ ಬಾಗಲಕೋಟೆಯವರಿಗೂ, ಕಾಳಿ ನದಿಯ ಸೂಪಾ ಕಡೆಯವರಿಗೂ ಈ ಬಗೆ ಒಗ್ಗುತ್ತದೆ. ಊರು ಮುಳುಗಿರಲೇಬೇಕು ಅಂತೇನಿಲ್ಲ. ಹಳಬರು ಇದ್ದಾರೆ, ಅಟ್ಟದ ಮೇಲೆ ಒಂದು ಟ್ರಂಕು ಇದೆ ಅಂದರೆ ಸಾಕು.

ಮೊದಲು ಮನೆ, ಆಮೇಲೆ ಮಷೀನು

ಈ ಕೆಲಸಕ್ಕೆ ಇಳಿಯುವವರು ಮೊದಲು ಕೇಳುವುದು "ಯಾವ ಸ್ಕ್ಯಾನರ್ ತಗೊಳ್ಳಲಿ" ಅಂತ. ಸ್ಕ್ಯಾನರ್ ಆಮೇಲೆ ನೋಡೋಣ. ಮೊದಲ ಎರಡು ತಿಂಗಳು ನಾವು ಏನನ್ನೂ ಸ್ಕ್ಯಾನ್ ಮಾಡಲಿಲ್ಲ. ಸುಮ್ನೆ ಮನೆಗಳಿಗೆ ಹೋಗಿ ಕೂತು, ಕಾಫಿ ಕುಡಿದು, ಮಾತಾಡಿ ಬಂದೆವು. ಯಾಕೆ ಅಂದರೆ ಈ ಜನ ಒಮ್ಮೆ ಎಲ್ಲವನ್ನೂ ಬಿಟ್ಟುಕೊಟ್ಟವರು. ಕಾಗದ ಕೇಳಿಕೊಂಡು ಬಂದವರನ್ನು ಅವರು ಸುಲಭಕ್ಕೆ ನಂಬುವುದಿಲ್ಲ. ನಂಬಬೇಕು ಅಂತ ನಿರೀಕ್ಷೆ ಮಾಡುವುದೂ ತಪ್ಪು.

ಅದಕ್ಕೇ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಮೂಲ ಫೋಟೊ, ಮೂಲ ಕಾಗದ ಮನೆಯ ಹೊಸಿಲು ದಾಟಬಾರದು. "ಎರಡು ದಿನಕ್ಕೆ ಒಯ್ದು ವಾಪಸ್ ಕೊಡ್ತೀವಿ" ಅನ್ನುವ ಮಾತೇ ಇಲ್ಲ. ಮನೆಯವರೇ ಒಯ್ಯಿರಿ ಅಂದರೂ ಒಯ್ಯಬೇಡಿ. ಜಗಲಿಯಲ್ಲೇ ಕೂತು, ಅವರ ಕಣ್ಣೆದುರೇ ಕೆಲಸ ಮುಗಿಸಿ, ಎಣಿಸಿ ಕೈಗೆ ಕೊಟ್ಟು ಬನ್ನಿ. ಇದಕ್ಕೆ ಕಾನೂನಿನ ಕಾರಣವೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತುಗಳೂ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳ ಲೆಕ್ಕಕ್ಕೆ ಬರುತ್ತವೆ. ಅಂಥದ್ದನ್ನು ಕೂಡಿಹಾಕುವುದು ನಮ್ಮ ನಿಮ್ಮಂಥವರ ಕೆಲಸ ಅಲ್ಲ. ತಾಳೆಗರಿ ಸಿಕ್ಕಿದರೆ ಅದಕ್ಕೆ ನೀವೇ ಎಣ್ಣೆ ಹಚ್ಚಲು ಹೋಗಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಿಂದ ಇದೆ, ನಮ್ಮ ಹತ್ತಿರ ಕೆಳದಿಯ ಮ್ಯೂಸಿಯಂ ಇದೆ. ಅಲ್ಲಿಯವರನ್ನು ಕೇಳಿ.

ಜೊತೆಗೆ ಯಾರನ್ನು ಸೇರಿಸಿಕೊಳ್ಳಬೇಕು? ಊರಿನ ಸ್ತ್ರೀಶಕ್ತಿ ಸಂಘದವರನ್ನು ಮೊದಲು. ಯಾರ ಮನೆಯಲ್ಲಿ ಹಾಡು ಹೇಳುವ ಅಜ್ಜಿ ಇದ್ದಾರೆ, ಯಾರು ಆಸ್ಪತ್ರೆಗೆ ಹೋಗಿ ಬಂದಿದ್ದಾರೆ, ಯಾರ ಮನೆಗೆ ಬೇಗ ಹೋಗಬೇಕು ಅನ್ನುವುದು ಅವರಿಗೆ ಗೊತ್ತು. ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಕೂರಲು ಜಾಗ, ಕರೆಂಟು ಸಿಗುತ್ತದೆ. ದೇವಸ್ಥಾನದ ಸಮಿತಿ, ಸೇವಾ ಸಹಕಾರ ಸಂಘ, ಅಡಿಕೆ ಮಂಡಿ, ಎಲ್ಲ ಕಡೆ ಹಳೇ ದಫ್ತರ ಇರುತ್ತದೆ. ಫೋಟೊ ಸ್ಟುಡಿಯೊಗಳನ್ನು ಮಾತ್ರ ಮರೆಯಲೇಬೇಡಿ. ಮುಚ್ಚಿಹೋದ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಡಬ್ಬಗಟ್ಟಲೆ ನೆಗೆಟಿವ್ ಇರುತ್ತವೆ. ಬಿಲ್ ಪುಸ್ತಕ ಸಿಕ್ಕಿತೋ, ತಾರೀಕು, ಹೆಸರು ಎರಡೂ ಸಿಕ್ಕ ಹಾಗೆ.

ಟ್ರಸ್ಟ್ ನೋಂದಣಿ ಮೊದಲ ದಿನವೇ ಬೇಕಾಗಿಲ್ಲ. ಸಂಘ ಮಾಡಿಕೊಂಡರೆ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಬೇಕು. ನಾವು ಐದೇ ಜನ ಇದ್ದದ್ದರಿಂದ ಟ್ರಸ್ಟ್ ಡೀಡ್ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದೆವು. ದುಡ್ಡು ಕೈಗೆ ಬರುವ ಹೊತ್ತಿಗೆ ಇದನ್ನು ಮುಗಿಸಿಕೊಂಡರೆ ಆಯಿತು.

ಒಪ್ಪಿಗೆ ಕೇಳುವ ರೀತಿ

ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ಒಂದೇ ಪುಟದಲ್ಲಿ ಮುಗಿಯಲಿ. ಅದನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ. ನಮ್ಮದರಲ್ಲಿ ಮೂರು ಆಯ್ಕೆ ಇವೆ. ಒಂದು, ಎಲ್ಲರಿಗೂ ತೋರಿಸಬಹುದು. ಎರಡು, ನಮ್ಮ ಊರಿನವರಿಗೆ, ನೆಂಟರಿಗೆ ಮಾತ್ರ. ಮೂರು, ಸದ್ಯಕ್ಕೆ ಯಾರಿಗೂ ಬೇಡ, ಇಟ್ಟುಕೊಂಡಿರಿ. ನಾಳೆ ಮನಸ್ಸು ಬದಲಾದರೆ ವಾಪಸ್ ತಗೊಳ್ಳಬಹುದು ಅಂತಲೂ ಬರೆದಿದ್ದೇವೆ. ಮೂರನೆಯದಕ್ಕೆ ಗುರುತು ಹಾಕಿದರೆ ಬೇಜಾರು ಮಾಡಿಕೊಳ್ಳಬೇಡಿ. ಅದೂ ಒಂದು ನಂಬಿಕೆಯೇ, ಅಲ್ವಾ?

ಜಮೀನಿನ ಕಾಗದದ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಶರಾವತಿ ಮುಳುಗಡೆ ಸಂತ್ರಸ್ತರ ಜಮೀನಿನ ಹಕ್ಕಿನ ತಕರಾರು ಇವತ್ತಿಗೂ ಮುಗಿದಿಲ್ಲ. ನಮಗೆ ಇತಿಹಾಸದ ಹಾಗೆ ಕಾಣುವ ಅರವತ್ತರ ದಶಕದ ಒಂದು ಹಾಳೆ ಆ ಮನೆಯವರಿಗೆ ಇವತ್ತಿನ ಅನ್ನದ ಪ್ರಶ್ನೆ. ಅಂಥ ಕಾಗದವನ್ನು ಸ್ಕ್ಯಾನ್ ಮಾಡಿ, ಅಲ್ಲೇ ಎರಡು ಪ್ರತಿ ಪ್ರಿಂಟ್ ತೆಗೆದು ಅವರಿಗೆ ಕೊಡಿ. ಆನ್‌ಲೈನ್‌ನಲ್ಲಿ ಹಾಕಬೇಡಿ. ಒಂದು ಸಣ್ಣ ಪ್ರಿಂಟರ್ ಜೊತೆಗೆ ಒಯ್ಯುವುದು ಈ ಕಾರಣಕ್ಕೇ.

ಫೋಟೊ ಸ್ಕ್ಯಾನ್ ಮಾಡುವಾಗ

ಗಾಜಿನ ಮೇಲೆ ಫೋಟೊ ಮಗುಚಿಟ್ಟು ತೆಗೆಯುವ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು. ಪೋಸ್ಟ್‌ಕಾರ್ಡ್ ಅಳತೆಯ ಫೋಟೊಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಇಡಿ, ಪಾಸ್‌ಪೋರ್ಟ್ ಅಳತೆಯದ್ದಕ್ಕೆ 1200. ಕಪ್ಪುಬಿಳುಪು ಫೋಟೊ ಆದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ. ಹಳದಿ ಕಲೆ, ನೀಲಿ ಶಾಯಿ, ಪೆನ್ಸಿಲ್ ಗುರುತು ಬೇರೆ ಬೇರೆಯಾಗಿ ಕಾಣುತ್ತವೆ. ಕೂಡಿಡಲು ಗುಣ ಕುಗ್ಗದ ಟಿಫ್ ಫೈಲ್, ಹಂಚಲು ಚಿಕ್ಕದಾದ ಜೆಪೆಗ್ ಫೈಲ್. ನಾಲ್ಕು ಇಂಟು ಆರು ಇಂಚಿನ ಫೋಟೊ 600 ಡಿಪಿಐನಲ್ಲಿ ಟಿಫ್ ಆದರೆ ಸುಮಾರು 25 ಎಂಬಿ ಆಗುತ್ತದೆ. ಜಾಸ್ತಿ ಅನ್ನಿಸಿದರೂ ಕಡಿಮೆ ಮಾಡಬೇಡಿ. ಗುಂಪಿನ ಫೋಟೊದಲ್ಲಿ ಹಿಂದಿನ ಸಾಲಿನ ಮುಖ ದೊಡ್ಡದು ಮಾಡಿ ನೋಡುವಾಗ ಅದರ ಬೆಲೆ ಗೊತ್ತಾಗುತ್ತದೆ.

ಫೋಟೊ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಕಟ್ಟು ಹಾಕಿಸಿದ ಫೋಟೊವನ್ನು ಗಾಜಿನಿಂದ ಬಿಡಿಸಲು ಹೋಗಬೇಡಿ. ಮಲೆನಾಡಿನ ಥಂಡಿಗೆ ಫೋಟೊ ಗಾಜಿಗೆ ಅಂಟಿರುತ್ತದೆ, ಎಳೆದರೆ ಮುಖವೇ ಕಿತ್ತುಬರುತ್ತದೆ. ಅಂಥದ್ದನ್ನು ಮೊಬೈಲಿನಲ್ಲಿ ತೆಗೆಯಿರಿ. ಎರಡು ಸ್ಟೂಲಿನ ಮೇಲೆ ಹಲಗೆ ಇಟ್ಟು, ಹಲಗೆಯಂಚಿನಲ್ಲಿ ಮೊಬೈಲ್ ಕೆಳಮುಖ ಮಾಡಿ ಕೂರಿಸಿ. ಫ್ಲಾಶ್ ಬೇಡ. ಕಿಟಕಿಯ ಬೆಳಕು ಪಕ್ಕದಿಂದ ಬರಲಿ. ಗಾಜಿನಲ್ಲಿ ನಿಮ್ಮದೇ ನೆರಳು ಕಂಡರೆ ಕಪ್ಪು ಸೀರೆಯೊಂದನ್ನು ಮೇಲೆ ಅಡ್ಡ ಹಿಡಿಯಲು ಯಾರಿಗಾದರೂ ಹೇಳಿ. ಫೈಲನ್ನು ಒಬ್ಬರಿಂದೊಬ್ಬರಿಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ 'ಡಾಕ್ಯುಮೆಂಟ್' ಅಂತ ಕಳಿಸಿ. ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಹೋಗುತ್ತದೆ.

ಇಷ್ಟಾದ ಮೇಲೆ ನಿಜವಾದ ಕೆಲಸ ಶುರು. ಫೋಟೊದಲ್ಲಿ ಯಾರಿದ್ದಾರೆ ಅಂತ ಬರೆದುಕೊಳ್ಳುವುದು.

ಹಿನ್ನೀರಿನಾಚೆಯ ತುಮರಿ ಕಡೆಯ ಒಂದು ಮನೆ. ಎಂಬತ್ತರ ಹತ್ತಿರದ ಅಜ್ಜಿ. ಟ್ರಂಕಿನ ತಳದಲ್ಲಿ ಹಳೇ ಧೋತ್ರದಲ್ಲಿ ಸುತ್ತಿಟ್ಟ ಒಂದೇ ಒಂದು ಫೋಟೊ. ಊರು ಬಿಡುವ ಮೊದಲು ಸಾಗರದಿಂದ ಫೋಟೊದವರನ್ನು ಕರೆಸಿ ಮನೆಯ ಮುಂದೆ ತೆಗೆಸಿದ್ದು. ಹದಿನಾಲ್ಕು ಜನ, ಒಂದು ನಾಯಿ. ಎಡಗಡೆ ಮೂಲೆಯನ್ನು ಗೆದ್ದಲು ತಿಂದಿತ್ತು. ಅಜ್ಜಿ ಬೆರಳನ್ನು ಫೋಟೊಗೆ ತಾಗಿಸದೆ, ಕೂದಲೆಳೆ ಎತ್ತರದಲ್ಲಿ ಆಡಿಸುತ್ತಾ ಒಬ್ಬೊಬ್ಬರ ಹೆಸರು ಹೇಳಿದರು. ಗೆದ್ದಲು ತಿಂದ ಜಾಗಕ್ಕೆ ಬಂದಾಗ ಬೆರಳು ನಿಂತಿತು.

"ಇಲ್ಲಿ ನಮ್ಮ ಚಿಕ್ಕಮ್ಮ ಅಕ್ಕೋರೇ. ಈಗ ಕಾಣ್ಸೂದಿಲ್ಲ. ಆದ್ರೆ ಅಲ್ಲೇ ನಿಂತಿದ್ಲು. ಬರ್ಕೊಳ್ಳಿ."

ಬರೆದುಕೊಂಡೆ. ಇವತ್ತು ನಮ್ಮ ಪಟ್ಟಿಯಲ್ಲಿ ಆ ಫೋಟೊಗೆ ಹದಿನಾಲ್ಕು ಹೆಸರು ಇವೆ, ಮುಖ ಕಾಣುವುದು ಹದಿಮೂರು. ಆ ಅಜ್ಜಿ ಹೇಳದೆ ಇದ್ದಿದ್ದರೆ ಎಷ್ಟು ಒಳ್ಳೆಯ ಸ್ಕ್ಯಾನರ್ ಇದ್ದೂ ಆ ಚಿಕ್ಕಮ್ಮ ಸಿಗುತ್ತಿರಲಿಲ್ಲ. ಅದಕ್ಕೇ ನಾನು ಹೊಸಬರಿಗೆ ಹೇಳುವುದು, ದಿನಕ್ಕೆ ಹತ್ತೇ ಫೋಟೊ ಮಾಡಿ, ಆದರೆ ಹತ್ತಕ್ಕೂ ಹೆಸರು ಬರೆದುಕೊಳ್ಳದೆ ಆ ಮನೆಯಿಂದ ಏಳಬೇಡಿ.

ಪಟ್ಟಿ

ಫೈಲಿನ ಹೆಸರು ಚಿಕ್ಕದಾಗಿರಲಿ. ಊರಿಗೆ ಎರಡಕ್ಷರ, ಮನೆಗೆ ಎರಡಂಕಿ, ವಸ್ತುವಿಗೆ ಮೂರಂಕಿ. 'ಮಡೆ-04-017' ಅಂದರೆ ಮಡೆನೂರಿನ ನಾಲ್ಕನೇ ಮನೆಯ ಹದಿನೇಳನೇ ವಸ್ತು. ಉಳಿದ ವಿವರ ಎಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ. ಏನು ವಸ್ತು, ಯಾರ ಮನೆಯದು, ಹಳೇ ಊರು ಯಾವುದು, ಈಗಿರುವ ಊರು ಯಾವುದು, ಯಾವ ಕಾಲದ್ದು, ಯಾರ್ಯಾರಿದ್ದಾರೆ, ಇದನ್ನೆಲ್ಲ ಹೇಳಿದವರು ಯಾರು, ಯಾರಿಗೆ ತೋರಿಸಬಹುದು. 'ಹೇಳಿದವರು ಯಾರು' ಅನ್ನುವ ಕಾಲಂ ತಪ್ಪದೇ ಇರಲಿ. ಒಂದೇ ಫೋಟೊಗೆ ಅಣ್ಣ ಒಂದು ಹೆಸರು ಹೇಳುತ್ತಾರೆ, ತಂಗಿ ಇನ್ನೊಂದು ಹೇಳುತ್ತಾರೆ. ಎರಡನ್ನೂ ಬರೆದಿಡಿ. ತೀರ್ಪು ಕೊಡಲು ನಾವು ಯಾರು?

ಎಲ್ಲವನ್ನೂ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ತೆರೆಯುವ ಅಕ್ಷರದಲ್ಲಿ, ಟೈಪ್ ಮಾಡಿ. 'ನುಡಿ', 'ಬರಹ' ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಾಗುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಯಾರಾದರೂ ಹಳೇ ಸ್ಮರಣ ಸಂಚಿಕೆಯ ಫೈಲ್ ಕೊಟ್ಟರೆ ಮೊದಲು ಕನ್ವರ್ಟ್ ಮಾಡಿ. ಒತ್ತಕ್ಷರ, ಅರ್ಕಾವತ್ತು ತಪ್ಪಿರುತ್ತವೆ, ಒಮ್ಮೆ ಕೂತು ಓದಿ ತಿದ್ದಿ.

ತಾರೀಕಿನ ಸಿಕ್ಕು ಬಿಡಿಸುವುದು ನನಗೆ ಇಷ್ಟದ ಕೆಲಸ. ಹಳಬರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಆ ಅಜ್ಜಿಯ ಫೋಟೊ ಹಿಂದೆ ಪೆನ್ಸಿಲಿನಲ್ಲಿ 'ಕ್ರೋಧಿ ಸಂ। ವೈಶಾಖ' ಅಂತ ಇತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕ್ರೋಧಿ 1904-05ರಲ್ಲಿ ಬಂತು, 1964-65ರಲ್ಲಿ ಬಂತು, 2024-25ರಲ್ಲಿ ಮತ್ತೆ ಬಂತು. ಇಲ್ಲಿ ಫೋಟೊ, ಅಜ್ಜಿಯ ವಯಸ್ಸು, ಅಣೆಕಟ್ಟು ಎಲ್ಲ 1964ಕ್ಕೆ ಕೂಡುತ್ತವೆ. ಹೀಗೆ ಎರಡು ಮೂರು ಕಡೆಯಿಂದ ತಾಳೆ ನೋಡಿಯೇ ಇಸವಿ ಬರೆಯಿರಿ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ಅನ್ನುವುದೂ ನೆನಪಿರಲಿ. ಕ್ರೋಧಿಯ ಮಾಘ ಮಾಸ ಅಂದರೆ 1965ರ ಶುರು.

ಊರಿನ ಲೆಕ್ಕ ಬರೆಯುತ್ತಿದ್ದ ಶ್ಯಾನುಭೋಗರ ಮನೆಯ ಪುಸ್ತಕ ಸಿಕ್ಕಿದರೆ ಅದೃಷ್ಟ ಅಂದುಕೊಳ್ಳಿ. ಹಳೇ ಶ್ಯಾನುಭೋಗಿಕೆ 1963ರಲ್ಲಿ ಹೋಯಿತು, ಪುಸ್ತಕಗಳು ಎಷ್ಟೋ ಅಟ್ಟ ಸೇರಿದವು. ಖಂಡುಗ, ಕೊಳಗ, ಆಣೆ, ವೀಸದಂಥ ಹಳೇ ಅಳತೆ, ಲೆಕ್ಕ ಎಲ್ಲ ಇರುತ್ತದೆ. ಅಂಕಿಗಳು ಕನ್ನಡದವು. ಓದಬಲ್ಲ ಹಿರಿಯರನ್ನು ಹುಡುಕಿ, ಅವರು ಓದುವುದನ್ನೇ ರೆಕಾರ್ಡ್ ಮಾಡಿ.

ಊರಿನ ಜಾಗ ಗುರುತಿಸಲು ಮೂರು ದಾರಿ ನಮಗೆ ಫಲ ಕೊಟ್ಟವು. ಮೊದಲನೆಯದು, ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ. ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಅಚ್ಚಾದದ್ದು 1904ರಲ್ಲಿ, ಅಂದರೆ ಲಿಂಗನಮಕ್ಕಿಗೆ ಅರವತ್ತು ವರ್ಷ ಮೊದಲು. ಯಾವ ಕಲ್ಲು ಯಾವ ಊರಿನಲ್ಲಿತ್ತು ಅಂತ ಅದರಲ್ಲಿ ಇದೆ. ಎರಡನೆಯದು, ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿರುವ 1950ರ ದಶಕದ ಭಾರತದ ನಕಾಶೆಗಳು. ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್. ದೊಡ್ಡ ಹಿನ್ನೀರು ಬರುವ ಮೊದಲಿನ ಶರಾವತಿಯನ್ನು ನಾನು ಮೊದಲ ಸಲ ನೋಡಿದ್ದು ಆ ನಕಾಶೆಯಲ್ಲೇ. ಮೂರನೆಯದು ಹಳಬರ ಕಾಲು. ಅದನ್ನು ಮುಂದೆ ಹೇಳುತ್ತೇನೆ.

ಶಾಸನದ ಕಲ್ಲು ಕಂಡರೆ ಸೀಮೆಸುಣ್ಣ ಹಚ್ಚಬೇಡಿ, ಬಣ್ಣ ತುಂಬಬೇಡಿ. ಸಂಜೆಗತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರ ತಾನೇ ಎದ್ದು ಕಾಣುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಅವರ ಕೆಲಸ ನೋಡಿದರೆ ಎಷ್ಟು ನಯವಾಗಿ ಮಾಡಬಹುದು ಅಂತ ತಿಳಿಯುತ್ತದೆ.

ಮಾತು ಕೂಡಿಡುವುದು

ರೆಕಾರ್ಡಿಂಗ್ ಅನ್ನು ಕುಗ್ಗಿಸದ ವೇವ್ ಫೈಲ್ ಆಗಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮಾಡಿ. ಮೊನೊ (ಒಂದೇ ಚಾನೆಲ್) ಆದರೆ ಗಂಟೆಗೆ 500 ಎಂಬಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಕಾಲರಿಗೆ ಸಿಕ್ಕಿಸುವ ಮೈಕ್ ಸಾಕು. ಅಜ್ಜಿಯರ ಸೆರಗಿಗೆ ಸಿಕ್ಕಿಸಿದರೆ ಸೆರಗು ಸರಿಸಿದಾಗಲೆಲ್ಲ ಸದ್ದು ಬರುತ್ತದೆ, ಹೆಗಲಿನ ಹತ್ತಿರ ಪಿನ್ ಹಾಕಿ. ಫ್ಯಾನ್ ನಿಲ್ಲಿಸಿ. ಮೊಬೈಲ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಶುರುವಿಗೆ ತಾರೀಕು, ಊರು, ಹೆಸರು ಹೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ರೆಕಾರ್ಡಿಂಗ್ ಆಗುವುದಿಲ್ಲ, ಹಂಚಿನ ಮೇಲೆ ಮಳೆ ಹೊಡೆಯುವ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಆ ನಾಲ್ಕು ತಿಂಗಳು ಬರೆದಿಳಿಸುವುದಕ್ಕೆ ಇಟ್ಟುಕೊಂಡಿದ್ದೇವೆ.

ಪ್ರಶ್ನೆ ಕೇಳುವುದರಲ್ಲಿ ನಾನು ಕಲಿತದ್ದು ಒಂದು. "ಮುಳುಗಡೆ ಬಗ್ಗೆ ಹೇಳಿ" ಅಂದರೆ ಎಲ್ಲರೂ ಪೇಪರಿನಲ್ಲಿ ಓದಿದ ಹಾಗೆ ಹೇಳುತ್ತಾರೆ. ಅದೇ "ನಿಮ್ಮನೆ ಹೆಬ್ಬಾಗಿಲು ಯಾವ ದಿಕ್ಕಿಗಿತ್ತು?" ಅಂತ ಕೇಳಿ ನೋಡಿ. ತುಮರಿ ಕಡೆಯ ಆ ಅಜ್ಜಿ ಹೇಳಿದ್ದು ಹೀಗೆ.

"ಮೂಡ್ ದಿಕ್ಕಿಗೆ. ಬಾಗ್ಲಲ್ಲಿ ನಿಂತ್ರೆ ಗದ್ದೆ, ಗದ್ದೆ ದಾಟಿದ್ರೆ ಹೊಳೆ. ಒಲೆ ಮುಂದೆ ಕೂತ್ರೂ ಹೊಳೆ ಸದ್ದು ಕೇಳೂದು."

ಹೆಬ್ಬಾಗಿಲಿಂದ ಒಳಗೆ ಬನ್ನಿ. ನಡುಮನೆ, ಒಲೆ, ಬಚ್ಚಲು, ಕೊಟ್ಟಿಗೆ. ಅಲ್ಲಿಂದ ಹಿತ್ತಿಲ ದಾರಿ, ಬಾವಿ, ಪಕ್ಕದ ಮನೆ, ಚೌಡಿ ಬನ, ಶಾಲೆ. ಅವರು ಮನಸ್ಸಲ್ಲೇ ನಡೆಯುತ್ತಾರೆ, ನೀವು ಒಂದು ಡ್ರಾಯಿಂಗ್ ಹಾಳೆಯಲ್ಲಿ ಗೆರೆ ಎಳೆಯುತ್ತಾ ಹೋಗಿ. ತಪ್ಪಿದರೆ ಪೆನ್ಸಿಲ್ ಕಿತ್ತುಕೊಂಡು ಅವರೇ ತಿದ್ದುತ್ತಾರೆ. ದೀವರ ಸಮುದಾಯದ ಮನೆಗಳಲ್ಲಿ ಗೋಡೆಯ ಚಿತ್ತಾರದ ಬಗ್ಗೆ ಕೇಳಿ, ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಚಿತ್ತಾರದ ಬುಟ್ಟಿಯ ಬಗ್ಗೆ ಕೇಳಿ. ಹೊಸ ಊರಿನ ಗೋಡೆಗೆ ಯಾವ ಎಳೆ ಬಂತು, ಯಾವುದು ಬರಲಿಲ್ಲ ಅಂತ ಹೆಂಗಸರು ಕೈ ಆಡಿಸಿ ತೋರಿಸುತ್ತಾರೆ. ಆಗ ವಿಡಿಯೊ ತೆಗೆಯಿರಿ. ಅಳು ಬಂದರೆ ರೆಕಾರ್ಡರ್ ನಿಲ್ಲಿಸಿ, ನೀರು ಕೊಡಿ, ಆ ದಿನಕ್ಕೆ ಅಷ್ಟೇ ಸಾಕು.

ನಿನ್ನೆ ಮೊನ್ನೆಯದೂ ಬೇಕು. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ಶುರುವಾಯಿತು. ಅದಕ್ಕೂ ಮೊದಲು ಹಿನ್ನೀರು ದಾಟಲು ಲಾಂಚ್ ಕಾಯುತ್ತಿದ್ದೆವಲ್ಲ, ಆ ಸಾಲು, ಆ ಟಿಕೆಟ್, ಕೊನೇ ಲಾಂಚ್ ತಪ್ಪಿಸಿಕೊಂಡ ರಾತ್ರಿಗಳು ಇನ್ನೂ ಎಲ್ಲರ ಮೊಬೈಲಿನಲ್ಲಿ ಇವೆ. ಈಗಲೇ ಕೇಳಿ ತಗೊಳ್ಳಿ.

ಮೂರು ಕಡೆ ಇಡಿ

ಮೊದಲ ವರ್ಷ ನಮ್ಮ ಹತ್ತಿರ ಒಂದೇ ಹಾರ್ಡ್‌ಡಿಸ್ಕ್ ಇತ್ತು. ಆ ಶ್ರಾವಣದಲ್ಲಿ ಒಂದು ದಿನ ಅದು ಚಾಲೂ ಆಗಲೇ ಇಲ್ಲ. ಹನ್ನೊಂದು ಗಂಟೆಗಳ ಮಾತು ಹೋಯಿತು. ಮತ್ತೆ ಹೋಗಿ ಕೇಳೋಣ ಅಂದರೆ ಅದರಲ್ಲಿ ಇಬ್ಬರು ಆ ಹೊತ್ತಿಗೆ ತೀರಿಕೊಂಡಿದ್ದರು. ಅವರ ಮಕ್ಕಳಿಗೆ ಈ ವಿಷಯ ಹೇಳಲು ಹೋದ ದಿನವನ್ನು ನಾನು ಮರೆತಿಲ್ಲ.

ಹಾಗಾಗಿ ಮೂರು ಪ್ರತಿ. ಒಂದು ಕೆಲಸ ಮಾಡುವ ಕಂಪ್ಯೂಟರಿನಲ್ಲಿ, ಒಂದು ಬೇರೆ ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಕ್ಲೌಡಿನಲ್ಲಿ. ಹಾರ್ಡ್‌ಡಿಸ್ಕನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಆರು ತಿಂಗಳಿಗೊಮ್ಮೆ ಎಲ್ಲವನ್ನೂ ತೆರೆದು ನೋಡಿ. ನಾವು ಯುಗಾದಿಗೆ ಒಮ್ಮೆ, ಮಹಾನವಮಿಯ ಆಯುಧಪೂಜೆಗೆ ಒಮ್ಮೆ ಅಂತ ಇಟ್ಟುಕೊಂಡಿದ್ದೇವೆ, ಮರೆಯುವುದಿಲ್ಲ.

ಎಲ್ಲರಿಗೂ ತೋರಿಸಬಹುದು ಅಂತ ಒಪ್ಪಿಗೆ ಇರುವುದನ್ನು ಇಂಟರ್‌ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಗ್ರಂಥಾಲಯಕ್ಕೆ ಹಾಕಬಹುದು, ದುಡ್ಡು ಬೇಕಿಲ್ಲ. ಸಂಚಿ ಫೌಂಡೇಶನ್, ಸರ್ವೆಂಟ್ಸ್ ಆಫ್ ನಾಲೆಡ್ಜ್ ತಂಡದವರು ಅಲ್ಲಿಗೆ ಹಾಕಿರುವ ಕನ್ನಡ ಪುಸ್ತಕಗಳನ್ನು ನೋಡಿ, ವಿವರ ಹೇಗೆ ತುಂಬಬೇಕು ಅಂತ ಗೊತ್ತಾಗುತ್ತದೆ. ಅಚ್ಚಾದ ಪುಸ್ತಕ, ಪತ್ರಿಕೆ ಹಾಕುವ ಮುಂಚೆ ಹಕ್ಕು ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ವಾರಸುದಾರರದ್ದು.

ವಾಪಸ್ ಕೊಡುವುದು, ವಾಪಸ್ ಹೋಗುವುದು

ಪ್ರತಿ ಮನೆಗೂ ಮತ್ತೊಮ್ಮೆ ಹೋಗಿ. ಫೋಟೊಗಳ ಒಳ್ಳೆಯ ಪ್ರಿಂಟ್, ಒಂದು ಪೆನ್‌ಡ್ರೈವ್, ಅವರು ಹೇಳಿದ ಹೆಸರುಗಳ ಪಟ್ಟಿ ಕೈಗೆ ಕೊಡಿ. ವರ್ಷಕ್ಕೊಮ್ಮೆ ಅರಿವು ಕೇಂದ್ರದಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಿ. ಬೇರೆ ಬೇರೆ ಊರಿಗೆ ಚದುರಿದವರು ಅವತ್ತು ಬರುತ್ತಾರೆ, ನಿಮ್ಮ ಪಟ್ಟಿಯ ಖಾಲಿ ಜಾಗಗಳು ಒಂದೇ ಸಂಜೆಯಲ್ಲಿ ತುಂಬುತ್ತವೆ. ಬಾಗಿಲ ಬಳಿ ನೋಟ್‌ಬುಕ್ ಹಿಡಿದು ಇಬ್ಬರನ್ನು ಕೂರಿಸಿರಿ.

ಇನ್ನು ಹಳಬರ ಕಾಲಿನ ವಿಷಯ. ಲಿಂಗನಮಕ್ಕಿಯ ಪೂರ್ತಿ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ನೀರು ಕೆಳಗಿಳಿದರೆ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ, ಹಳೇ ಜಾಗಗಳೂ ಅಲ್ಲಲ್ಲಿ ಕಾಣುತ್ತವೆ. ಅಂಥ ಮೇ ತಿಂಗಳು ಬಂದರೆ ಬಿಡಬೇಡಿ. ಬೆಳಿಗ್ಗೆ ಏಳಕ್ಕೇ ಹೊರಡಿ. ಹಿರಿಯರಿಗೆ ಕೊಡೆ, ಮಜ್ಜಿಗೆ, ಮಡಚುವ ಕುರ್ಚಿ ಒಯ್ಯಿರಿ. ಒಣಗಿದ ಹಾಗೆ ಕಂಡರೂ ಕೆಸರು ಒಳಗೆ ಮೆತ್ತಗಿರುತ್ತದೆ, ಕೋಲಿನಿಂದ ಚುಚ್ಚಿ ನೋಡುತ್ತಾ ಒಬ್ಬರು ಮುಂದೆ ನಡೆಯಲಿ. ನಾವು ಹೋದಾಗ ತುಮರಿ ಕಡೆಯ ಆ ಅಜ್ಜಿ ಒಂದು ಕಲ್ಲಿನ ಹತ್ತಿರ ನಿಂತು, ಮೂಡಣಕ್ಕೆ ಮುಖ ಮಾಡಿ, "ಇಲ್ಲಿ ಬಾಗ್ಲು" ಅಂದರು. ಹುಡುಗ ಮೊಬೈಲಿನಲ್ಲಿ ಅಕ್ಷಾಂಶ, ರೇಖಾಂಶ ಬರೆದುಕೊಂಡ. ನಾನು ಹಾಳೆಯ ನಕಾಶೆಯನ್ನು ಅದೇ ದಿಕ್ಕಿಗೆ ತಿರುಗಿಸಿ ಹಿಡಿದೆ. ಗದ್ದೆ, ಹೊಳೆ, ಬಾವಿ ಎಲ್ಲ ಕೂಡಿದವು. ಶಾಲೆ ಮಾತ್ರ ನಾನು ಗೆರೆ ಎಳೆದದ್ದಕ್ಕಿಂತ ಸ್ವಲ್ಪ ಆಚೆ ಇತ್ತು. ಅಜ್ಜಿ ಪೆನ್ಸಿಲ್ ಕೇಳಿದರು.